ಕನ್ನಡಿ ತಿರುಗುವ ತನಕ

ಕಾದಿಸ್ ಊರಿನಲ್ಲಿ ಮೂಡಣ ಗಾಳಿ ಎದ್ದರೆ ಜನ ಅರ್ಧ ಹುಚ್ಚರಾಗುತ್ತಾರೆ. ಉಳಿದರ್ಧ ಹುಚ್ಚು ಅವರಿಗೆ ಮೊದಲೇ ಇರುತ್ತದೆ. ಲೆವಾಂತೆ ಎಂದು ಅದಕ್ಕೊಂದು ಹೆಸರಿಟ್ಟುಕೊಂಡು, ಬಂದಮೇಲೆ ಹೋಗಲೊಲ್ಲದ ನೆಂಟನನ್ನು ಬೈದ ಹಾಗೆ ಬೈಯುತ್ತಾ ಸಹಿಸಿಕೊಳ್ಳುತ್ತಾರೆ. ಗಂಡ ಹೆಂಡತಿ ಜಗಳಾಡಿದರೆ ಲೆವಾಂತೆ, ಸಾರು ತಳ ಹಿಡಿದರೆ ಲೆವಾಂತೆ, ಮಕ್ಕಳು ಮಾತು ಕೇಳದಿದ್ದರೂ ಲೆವಾಂತೆ. ಆ ದಿನವೂ ಅದು ಬೆಳಗಿನಿಂದ ಬೀಸುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತು, ಬೀದಿಯಲ್ಲಿ ಕುರ್ಚಿಗಳು ತಾವಾಗಿಯೇ ನಡೆಯುತ್ತಿದ್ದವು.

ಗೋಪುರದಿಂದ ಪ್ರವಾಸಿಗಳಿಗೆ ಊರು ತೋರಿಸುವ ರೆಗ್ಲಾಗೆ ಗಾಳಿಯ ದಿನ ಕೆಲಸ ಸುಲಭ. ಸಮುದ್ರದಂಡೆಯಲ್ಲಿ ನಿಲ್ಲಲಾಗದೆ ಪ್ರವಾಸಿಗಳೆಲ್ಲ ಗೋಪುರಕ್ಕೆ ನುಗ್ಗುತ್ತಾರೆ. ಹಳೇ ಕಾಲದ ವ್ಯಾಪಾರಿಗಳು ತಮ್ಮ ಹಡಗು ಬಂತೇ ಎಂದು ನೋಡಲು ಮನೆಮನೆಯ ಮೇಲೂ ಕಟ್ಟಿಸಿದ ಗೋಪುರಗಳಲ್ಲಿ ಅದೂ ಒಂದು. ಈಗ ಅದರ ತುದಿಯಲ್ಲೊಂದು ಕತ್ತಲಕೋಣೆಯಿದೆ. ಕೋಣೆಯ ಮೇಲೆ, ಹೊರಗಡೆ, ಒಂದು ಕನ್ನಡಿ. ಅದರ ಕೆಳಗೆ ಮಸೂರ. ಒಳಗೆ ನಡುವೆ ತಟ್ಟೆಯ ಹಾಗೆ ತುಸು ತಗ್ಗಾದ ದೊಡ್ಡ ಬಿಳಿ ದುಂಡು ಮೇಜು. ಬಾಗಿಲು ಮುಚ್ಚಿ ದೀಪ ಆರಿಸಿದರೆ ಮೇಜಿನ ಮೇಲೆ ಊರು ಬಂದು ಬೀಳುತ್ತದೆ. ಫೋಟೋ ಅಲ್ಲ, ಸಿನಿಮಾ ಅಲ್ಲ. ಆ ಗಳಿಗೆಯಲ್ಲಿ ಹೊರಗೆ ನಡೆಯುತ್ತಿರುವುದೇ ಒಳಗೆ ನಡೆಯುತ್ತದೆ. ಸದ್ದು ಮಾತ್ರ ಇರುವುದಿಲ್ಲ. ಸೂರಿನಿಂದ ಇಳಿಬಿದ್ದ ಒಂದು ಮರದ ಹಿಡಿಯನ್ನು ತಿರುಗಿಸಿದರೆ ಮೇಲೆ ಕನ್ನಡಿ ತಿರುಗುತ್ತದೆ, ಮೇಜಿನ ಮೇಲೆ ಊರು ಜಾರುತ್ತದೆ. ಆ ಹಿಡಿ ರೆಗ್ಲಾಳ ಅಂಗೈಯಲ್ಲಿ ಹತ್ತು ವರ್ಷದಿಂದ ಸವೆಯುತ್ತಿತ್ತು.

ನಾಲ್ಕು ಗಂಟೆಯ ಆಟಕ್ಕೆ ಕೋಣೆ ತುಂಬಿತ್ತು. ಮೇಜಿನ ಕಟಾಂಜನಕ್ಕೆ ಹೊಟ್ಟೆಯೊತ್ತಿ ನಿಂತಿದ್ದವನು ಪಕ್ಕದ ಹೆರೆಸ್ ಊರಿನ ಕಾಸಿಮಿರೊ. ಪೀಪಾಯಿ ಮಾಡಿಸುವ ವ್ಯಾಪಾರ, ಎರಡಾಳಿನ ಗಾತ್ರ, ಮೂರಾಳಿನ ಬಾಯಿ. ಹೆರೆಸ್‌ನವರಿಗೂ ಕಾದಿಸ್‌ನವರಿಗೂ ಆಗಿಬರುವುದಿಲ್ಲ ಎಂಬುದು ಎರಡೂ ಊರಿನ ಕೂಸುಗಳಿಗೂ ಗೊತ್ತು. ಅವನು ಬಂದಾಗಿನಿಂದ ರೆಗ್ಲಾಳನ್ನು ಕೆಣಕುತ್ತಲೇ ಇದ್ದ. ಕತೀಡ್ರಲ್ ಚರ್ಚಿನ ಹಳದಿ ಗುಮ್ಮಟ ಮೇಜಿನ ಮೇಲೆ ಬಂದಾಗ, ನಿಮ್ಮೂರಲ್ಲಿ ನೋಡೋಕ್ಕಿರೋದು ಇದೊಂದೇ ಈರುಳ್ಳಿ ಅಂದ. ನಮ್ಮ ಈರುಳ್ಳಿ ನೋಡೋಕೆ ದುಡ್ಡು ಕೊಟ್ಟು ಬಂದೋರು ತಾವು ಅಂತ ರೆಗ್ಲಾ ತಿರುಗಿಸಿ ಕೊಟ್ಟಳು. ಜನ ನಕ್ಕರು. ಮೀನಿನ ಮಾರುಕಟ್ಟೆ ಬಂತು, ಕಲೇತಾ ಕಡಲಂಚು ಬಂತು. ಅಲ್ಲಿ ಯಾರದೋ ಬಣ್ಣದ ಕೊಡೆ ಮರಳಿನ ಮೇಲೆ ಓಡುತ್ತಿತ್ತು, ಅದರ ಹಿಂದೆ ಒಬ್ಬ ಅಜ್ಜ ಓಡುತ್ತಿದ್ದ.

ಆಮೇಲೆ ಕಾಗದದ ಆಟ. ಯಾರ ಕೈಗಾದರೂ ಒಂದು ಬಿಳಿ ಹಾಳೆ ಕೊಟ್ಟು, ಬೀದಿಯಲ್ಲಿ ನಡೆಯುವವರ ಮೇಲೆ ಹಿಡಿಯಲು ಹೇಳುತ್ತಾಳೆ. ನಡೆಯುವವರು ಹಾಳೆಯ ಮೇಲೆ ಹತ್ತುತ್ತಾರೆ. ಹಾಳೆ ಎತ್ತಿದರೆ ಅವರೂ ಎದ್ದ ಹಾಗೆ, ಓರೆ ಮಾಡಿದರೆ ಜಾರಿದ ಹಾಗೆ. ಹೊಸದಾಗಿ ಮದುವೆಯಾಗಿ ಬುರ್ಗೋಸ್‌ನಿಂದ ಬಂದಿದ್ದ ಒಬ್ಬ ಹುಡುಗಿಗೆ ಈ ಸಲ ಹಾಳೆ ಸಿಕ್ಕಿತು. ಇಬ್ಬರು ಪಾದ್ರಿಗಳನ್ನು ಎತ್ತಿ ಪಕ್ಕದ ಬೀದಿಗೆ ಹಾಕಿದಳು, ಖುಷಿಪಟ್ಟಳು.

ಆಟ ಮುಗಿಸಬೇಕು ಎನ್ನುವಾಗ ಕಾಸಿಮಿರೊ ಕೇಳಿದ. "ಎಲ್ಲಿ ಅಮ್ಮಾ, ಆ ಬಾವುಟದ ಹುಡುಗಿ? ಹೋದ ತಿಂಗಳು ನನ್ನ ತಂಗಿ ಬಂದಿದ್ಲು, ಊರಿಗೆಲ್ಲ ಅದನ್ನೇ ಹೇಳ್ಕೊಂಡು ತಿರುಗ್ತಾಳೆ. ಅದನ್ನ ನೋಡದೆ ನಾನು ಜಾಗ ಬಿಡಲ್ಲ."

ಬಾವುಟದ ಹುಡುಗಿ ರೆಗ್ಲಾಳ ಮಗಳು, ಎಂಟು ವರ್ಷದ ಪಾಲ್ಮಾ. ಚಳಿಗಾಲದಲ್ಲಿ ಒಂದು ದಿನ ಅಜ್ಜಿಯ ಜೊತೆ ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಾ ಗೋಪುರದ ಕಡೆಗೆ ಕೈ ಬೀಸಿದ್ದಳು, ಅದು ಮೇಜಿನ ಮೇಲೆ ಬಿದ್ದು ಪ್ರವಾಸಿಗಳು ಮರುಳಾಗಿದ್ದರು. ಅಲ್ಲಿಂದ ಅದು ಅಭ್ಯಾಸವಾಯಿತು. ಶಾಲೆ ಮುಗಿಸಿ ಊಟ ಮಾಡಿ, ನಾಲ್ಕರ ಆಟದ ಕೊನೆಗೆ ಪಾಲ್ಮಾ ತಾರಸಿ ಹತ್ತುತ್ತಾಳೆ, ಅಪ್ಪನ ಹಳದಿ ಫುಟ್‌ಬಾಲ್ ಬಾವುಟ ಬೀಸುತ್ತಾಳೆ. ಅಪ್ಪ ಈ ದಿನಗಳಲ್ಲಿ ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿ ಬಾರ್ಬಾತೆ ಬಂದರಿನ ಕಡೆ ಇರುತ್ತಾನೆ, ಬಾವುಟ ಮನೆಯಲ್ಲಿರುತ್ತದೆ. ಹುಡುಗಿ ತಾರಸಿಯಲ್ಲಿ ಓಡಾಡಬಾರದೆಂದು ರೆಗ್ಲಾಳೇ ಒಂದು ಕಟ್ಟುನಿಟ್ಟು ಮಾಡಿದ್ದಳು. ಗೋಪುರದ ಮೇಲಿನ ಕನ್ನಡಿ ನಿನ್ನ ಕಡೆ ಇರೋತನಕ ನಿಂತಲ್ಲೇ ನಿಂತಿರಬೇಕು. ಅದು ಫಳಕ್ಕೆಂದು ಬೇರೆ ಕಡೆ ತಿರುಗಿತು ಅಂದ್ರೆ ಅಮ್ಮ ನೋಡಿದಳು ಅಂತ ಅರ್ಥ, ನೇರ ಕೆಳಗೆ ಇಳಿಯಬೇಕು. ಪಾಲ್ಮಾ ಇದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಒಂದೇ ಒಂದು ಸೇರಿಸಿಕೊಂಡಿದ್ದಳು: ಕನ್ನಡಿ ತಿರುಗಿದ ಕೂಡಲೇ ಎರಡೂ ಕಾಲೆತ್ತಿ ಒಂದು ಕುಣಿತ ಕುಣಿದು ಮೆಟ್ಟಿಲಿಗೆ ಓಡುತ್ತಿದ್ದಳು. ಚಿತ್ರ ಜಾರಿಹೋಗುವಾಗ ಆ ಕುಣಿತ ಮೇಜಿನ ಅಂಚಿನಲ್ಲಿ ಕಾಣುತ್ತಿತ್ತು.

ಇವತ್ತು ಹುಡುಗಿ ಇಲ್ಲ, ಗಾಳಿ ನೋಡಿ, ಅಂತ ರೆಗ್ಲಾ ಹೇಳಿದಳು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಅವರದು ಹತ್ತು ಸಂಸಾರಗಳ ಹಳೇ ವಠಾರ. ತಾರಸಿಯ ಬಟ್ಟೆ ತಂತಿಗಳಿಗೆ ಮನೆಗೊಂದು ದಿನದ ಸರದಿ. ಯಾರ ಸರದಿಯೋ ಅವರೇ ಬೆಳಿಗ್ಗೆ ತಾರಸಿಯ ಬಾಗಿಲು ತೆಗೆಯುವುದು, ಸಂಜೆ ಬೀಗ ಹಾಕುವುದು. ಇಂಥ ಗಾಳಿಯಲ್ಲಿ ಯಾವ ಪುಣ್ಯಾತ್ಗಿತ್ತಿ ಬಾಗಿಲು ತೆಗೆಯುತ್ತಾಳೆ ಎಂದು ಅವಳ ಲೆಕ್ಕ. ಆದರೆ ಕಾಸಿಮಿರೊ ಬಿಡಲಿಲ್ಲ. ಹುಡುಗಿ ಇಲ್ಲದಿದ್ರೆ ಅವಳ ತಾರಸಿನಾದ್ರೂ ತೋರ್ಸು ಮಾರಾಯ್ತಿ, ತಂಗಿ ಹತ್ರ ಮರ್ಯಾದೆ ಉಳೀಲಿ ಅಂದ. ರೆಗ್ಲಾ ನಗುತ್ತಲೇ ಹಿಡಿ ತಿರುಗಿಸಿದಳು.

ಬಿಳಿ ಸುಣ್ಣದ ತಾರಸಿಗಳು ಒಂದರ ಹಿಂದೊಂದು ಜಾರಿ ಬಂದವು. ಆಮೇಲೆ ಅವಳ ವಠಾರ. ತಾರಸಿ ತುಂಬಾ ಬೆಡ್‌ಶೀಟುಗಳು. ಎರಡನೇ ಮಹಡಿಯವಳ ಸರದಿ ಇರಬೇಕು. ಮೂಡಣ ಗಾಳಿಗೆ ಗಳಿಗೆಯಲ್ಲಿ ಒಣಗುತ್ತವೆಂದು ಮನೆಯದೆಲ್ಲ ತಂದು ಹಾಕಿ, ಜೋಡಿ ಜೋಡಿ ಕ್ಲಿಪ್ಪು ಸಿಕ್ಕಿಸಿ ಹೋಗಿದ್ದಳು. ಅವು ತಂತಿಯ ಮೇಲೆ ಅಡ್ಡಡ್ಡಲಾಗಿ ಎದ್ದು ಹಾರುತ್ತಿದ್ದವು. ಬೆಡ್‌ಶೀಟುಗಳಾಚೆ, ಬೀದಿಯ ಕಡೆಗೆ, ಪ್ಯಾರಾಪೆಟ್ ಗೋಡೆಯ ಮೇಲೆ ಒಂದು ಹಳದಿ ಚುಕ್ಕೆ.

ಪಾಲ್ಮಾ ಗೋಡೆಯ ಈಚೆ ನಿಂತಿರಲಿಲ್ಲ. ಗೋಡೆಯ ಮೇಲೆ ನಿಂತಿದ್ದಳು. ಎರಡು ಕೈಯಲ್ಲೂ ಬಾವುಟ ಎತ್ತಿ ಹಿಡಿದಿದ್ದಳು, ಗಾಳಿ ಅದರೊಳಗೆ ಹೊಕ್ಕು ಅವಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಅವಳ ಬೆನ್ನ ಹಿಂದೆ ನಾಲ್ಕು ಮಹಡಿ ಕೆಳಗೆ ಬೀದಿ.

ಏಕೆ ಹತ್ತಿದಳು ಎಂದು ರೆಗ್ಲಾ ಯೋಚಿಸಬೇಕಾಗಿ ಬರಲಿಲ್ಲ. ನಿನ್ನೆಯೂ ಬೇರೆ ಯಾರದೋ ಬಟ್ಟೆ ಅಡ್ಡ ಇತ್ತು, ಮಗಳು ಕಂಡಿರಲಿಲ್ಲ. ರಾತ್ರಿ ಊಟದ ತಟ್ಟೆ ತೊಳೆಯುತ್ತಾ, ಮುಖ ಕೂಡ ತಿರುಗಿಸದೆ, ರೆಗ್ಲಾಳೇ ಹೇಳಿದ್ದಳು: ಕಾಣ್ಲೇ ಇಲ್ಲ ಪುಟ್ಟಿ, ನನಗೆ ಕಾಣೋ ಹಾಗೆ ನಿಂತ್ಕೋಬೇಕು. ಪಾಲ್ಮಾ ಅಮ್ಮನಿಗೆ ಕಾಣುವ ಹಾಗೆ ನಿಂತಿದ್ದಳು.

ಮೇಜಿನ ಸುತ್ತ ಜನಕ್ಕೆ ಸಂತೋಷವೋ ಸಂತೋಷ. ಅಯ್ಯೋ ಎಷ್ಟು ಮುದ್ದಾಗಿದೆ ಅಂದರು. ಆ ಮಗುವಿಗೂ ಸಂಬಳ ಕೊಡ್ತೀರೋ ಇಲ್ವೋ ಅಂತ ಕಾಸಿಮಿರೊ ಕೇಳಿದ. ಮೇಜಿನ ಮೇಲೆ ಅಂಗುಲದಷ್ಟೂ ಇಲ್ಲದ ಹುಡುಗಿ. ಅವಳು ನಿಂತ ಗೋಡೆ ಎಷ್ಟು ಸಣ್ಣದು, ಗಾಳಿ ಎಷ್ಟು ದೊಡ್ಡದು ಎಂದು ಅವರಿಗೆ ಹೇಗೆ ತಿಳಿಯಬೇಕು? ಇಲ್ಲಿ ಗಾಳಿಯ ಸದ್ದೇ ಇಲ್ಲ.

ಅಷ್ಟರಲ್ಲಿ ಬುರ್ಗೋಸ್‌ನ ಮದುವಣಗಿತ್ತಿ ತನ್ನ ಬಿಳಿ ಹಾಳೆಯನ್ನು ಮೆಲ್ಲಗೆ ಪಾಲ್ಮಾಳ ಮೇಲೆ ಹಿಡಿದಳು. ಪಾಲ್ಮಾ ಹಾಳೆಗೆ ಹತ್ತಿದಳು. ಮದುವಣಗಿತ್ತಿ ಹಾಳೆಯನ್ನು ಎತ್ತಿದಳು, ಗಂಡನ ಕಡೆ ನೋಡಿ ನಗುತ್ತಾ ಒಂದು ಬದಿಗೆ ವಾಲಿಸಿದಳು.

ರೆಗ್ಲಾ ಅವಳ ಕೈಗೆ ಬಲವಾಗಿ ಹೊಡೆದಳು. ಹಾಳೆ ನೆಲಕ್ಕೆ ಬಿತ್ತು. ಪಾಲ್ಮಾ ಮತ್ತೆ ಮೇಜಿನ ಮೇಲೆ, ತನ್ನ ಗೋಡೆಯ ಮೇಲೆ, ನಿಂತೇ ಇದ್ದಳು. ಕೋಣೆಯಲ್ಲಿ ನಗು ನಿಂತಿತು.

"ಅದು ನನ್ನ ಮಗಳು," ಅಂದಳು ರೆಗ್ಲಾ. "ಗೋಡೆ ಮೇಲೆ ನಿಂತಿದ್ದಾಳೆ."

ಓಡಬೇಕೆಂದು ಅವಳ ಕಾಲು ಬಾಗಿಲ ಕಡೆ ಎಳೆದವು. ಆದರೆ ಬಾಗಿಲು ತೆರೆದರೆ ಬೆಳಕು ನುಗ್ಗುತ್ತದೆ, ಬೆಳಕು ನುಗ್ಗಿದರೆ ಮೇಜಿನ ಮೇಲೆ ಏನೂ ಉಳಿಯುವುದಿಲ್ಲ. ಗೋಪುರ ಇಳಿದು, ಮೂರು ಬೀದಿ ದಾಟಿ, ನಾಲ್ಕು ಮಹಡಿ ಹತ್ತುವ ತನಕ ಮಗಳು ಕಣ್ಣಿಗೆ ಕಾಣಿಸುವುದಿಲ್ಲ. ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ಇಲ್ಲಿ ನಿಂತರೆ ನೋಡಬಹುದು, ನೋಡುವುದು ಬಿಟ್ಟು ಇನ್ನೇನೂ ಮಾಡಲಾಗದು.

ಫೋನು ಕೇಳಿದಳು. ಕತ್ತಲಕೋಣೆಗೆ ಫೋನು ತರಬಾರದೆಂದು ಅವಳದೇ ನಿಯಮ, ಅವಳದು ಕೆಳಗೆ ಪೆಟ್ಟಿಗೆಯಲ್ಲಿತ್ತು. ಮದುವಣಗಿತ್ತಿಯ ಗಂಡ ನಿಯಮ ಮುರಿದು ಜೇಬಿನಲ್ಲಿಟ್ಟುಕೊಂಡಿದ್ದ. ತೆಗೆದು ಕೊಟ್ಟ. ಅದರ ಬೆಳಕಿಗೆ ಮೇಜಿನ ಮೇಲಿನ ಊರು ಮಸುಕಾಯಿತು, ಹಳದಿ ಚುಕ್ಕೆ ಕಾಣದಾಯಿತು. ರೆಗ್ಲಾ ಅದನ್ನು ಕುಪ್ಪಸದೊಳಗೆ ಮರೆಮಾಡಿಕೊಂಡು ಬಾಯಿಪಾಠವಿದ್ದ ಒಂದೇ ನಂಬರು, ಮನೆಯದು, ಒತ್ತಿದಳು. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಅವಳಮ್ಮ ಮಿಲಾಗ್ರೋಸ್ ಊಟವಾದ ಮೇಲೆ ಕಿವಿಯ ಯಂತ್ರ ತೆಗೆದು ಲೋಟದಲ್ಲಿಟ್ಟು ಮಲಗುತ್ತಾಳೆ. ಮನೆ ಬಿದ್ದರೂ ಏಳುವುದಿಲ್ಲ.

ಮೇಜಿನ ಮೇಲೆ ಪಾಲ್ಮಾ ಒಂದು ಹೆಜ್ಜೆ ತಪ್ಪಿ ಮತ್ತೆ ಸರಿಯಾದಳು. ಬಾವುಟ ಅವಳನ್ನು ಎಳೆದಿತ್ತು. ಅದನ್ನ ಬಿಡು, ಬಿಡೇ, ಅಂತ ರೆಗ್ಲಾ ಮೇಜಿಗೆ ಬಾಗಿ ಪಿಸುಗುಟ್ಟಿದಳು. ಕೇಳಿಸುವ ಹಾಗಿದ್ದರೆ ಆ ಊರಿನ ಗೋಡೆಗಳೆಲ್ಲ ಬಿರಿಯುವಂತೆ ಕಿರುಚುತ್ತಿದ್ದಳು.

"ಇಳಿಯೋದಕ್ಕೆ ಏನು ರೋಗ ಆ ಮಗೂಗೆ?" ಅಂದ ಕಾಸಿಮಿರೊ. ಅವನ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ. "ಯಾಕೆ ಅಲ್ಲೇ ನಿಂತಿದಾಳೆ?"

"ಕನ್ನಡಿ ಅವಳ ಕಡೆ ಇದೆ," ಅಂದಳು ರೆಗ್ಲಾ. "ನಾನು ನೋಡ್ತಿದೀನಿ ಅಂತ ನಿಂತಿದಾಳೆ."

ಹೇಳಿದ ಮೇಲೆ ಅವಳಿಗೇ ಅದರ ಅರ್ಥ ಪೂರ್ತಿಯಾಗಿ ತಲೆಗೆ ಹೋಯಿತು. ಮಗಳನ್ನು ಗೋಡೆಯ ಮೇಲೆ ನಿಲ್ಲಿಸಿದ್ದು ಗಾಳಿಯಲ್ಲ, ಬಾವುಟವಲ್ಲ. ತನ್ನ ಕೈಯಲ್ಲಿರುವ ಈ ಹಿಡಿ. ತಿರುಗಿಸಿದರೆ ಅವಳು ಇಳಿಯುತ್ತಾಳೆ. ಆದರೆ ಸುಮ್ಮನೆ ಇಳಿಯುತ್ತಾಳೆಯೇ? ಕನ್ನಡಿ ಫಳಕ್ಕೆಂದ ಕೂಡಲೇ ಎರಡೂ ಕಾಲೆತ್ತಿ ಕುಣಿಯುತ್ತಾಳೆ. ಆ ಗೇಣಗಲದ ಗೋಡೆಯ ಮೇಲೆ, ಈ ಗಾಳಿಯಲ್ಲಿ, ಕೈಯಲ್ಲಿ ಬಾವುಟ ಹಿಡಿದು. ರೆಗ್ಲಾಳ ಕೈ ಹಿಡಿಯ ಮೇಲೆ ಹೋಯಿತು, ಹಾಗೇ ನಿಂತಿತು.

ಮೂಡಣ ಗಾಳಿ ಒಂದೇ ಸಮ ಬೀಸುವುದಿಲ್ಲ. ನೂಕುತ್ತದೆ, ಒಮ್ಮೆ ಉಸಿರೆಳೆದುಕೊಳ್ಳುತ್ತದೆ, ಮತ್ತೆ ನೂಕುತ್ತದೆ. ತಾರಸಿಯಲ್ಲಿ ಬಟ್ಟೆ ಹಾಕಿ ಬೆಳೆದವರಿಗೆಲ್ಲ ಅದು ಗೊತ್ತು. ಆ ಉಸಿರಿನ ಬಿಡುವಿನಲ್ಲೇ ಕ್ಲಿಪ್ಪು ಹಾಕಬೇಕು. ಬೆಡ್‌ಶೀಟುಗಳನ್ನು ನೋಡು, ಅಂದುಕೊಂಡಳು. ಅವು ಇಳಿಬಿದ್ದಾಗ ತಿರುಗಿಸು. ಒಮ್ಮೆ ಇಳಿಬಿದ್ದವು. ಅವಳು ತಿರುಗಿಸಲಿಲ್ಲ, ಸಾಲದು ಎನಿಸಿತು. ಮತ್ತೆ ಎದ್ದವು, ಪಾಲ್ಮಾ ಮೊಣಕಾಲು ಬಗ್ಗಿಸಿ ತಡೆದುಕೊಂಡಳು. ಮತ್ತೊಮ್ಮೆ ಇಳಿಬಿದ್ದವು, ಪೂರ್ತಿ, ನೇರ. ಆಗಲೂ ಕೈ ಅಲುಗಲಿಲ್ಲ. ತಿರುಗಿಸಿದರೆ ಮಗಳು ಕಾಣುವುದಿಲ್ಲ. ಇದೇ ಕೊನೆಯ ಸಲ ಕಾಣುವುದಾದರೆ? ಆ ಯೋಚನೆ ಬಂದದ್ದೇ ಅವಳ ಕೈಯ ಶಕ್ತಿಯೆಲ್ಲ ಇಂಗಿಹೋಯಿತು.

"ತಿರುಗ್ಸಮ್ಮಾ," ಅಂದ ಕಾಸಿಮಿರೊ ಮೆಲ್ಲಗೆ.

"ಆಗ್ತಿಲ್ಲ."

ಅವನು ತನ್ನ ದಪ್ಪ ಕೈಯನ್ನು ಅವಳ ಕೈಯ ಮೇಲಿಟ್ಟ. ತಿರುಗಿಸಲಿಲ್ಲ, ಇಟ್ಟನಷ್ಟೆ. ಬೆಡ್‌ಶೀಟುಗಳು ಮತ್ತೆ ಹಾರಿದವು, ತಡೆತಡೆದು ಹಾರಿದವು, ಕಡೆಗೆ ಒಂದೊಂದಾಗಿ ಕೆಳಗಿಳಿದವು. ರೆಗ್ಲಾ ಕಣ್ಣು ತೆರೆದೇ ಹಿಡಿಯನ್ನು ತಿರುಗಿಸಿದಳು. ಊರು ಜಾರಿತು. ಹಳದಿ ಚುಕ್ಕೆ ಮೇಜಿನ ಅಂಚಿನತ್ತ ಓಡಿತು. ಅಂಚು ದಾಟುವಾಗ ಅದು ಮೇಲಕ್ಕೆ ಹಾರಿದ್ದನ್ನು ಅವಳು ಕಂಡಳು. ಹಾರಿದ್ದು ಕಂಡಿತು, ಎಲ್ಲಿ ಬಿತ್ತೆಂದು ಕಾಣಲಿಲ್ಲ.

ಮೇಜಿನ ತುಂಬಾ ಸಮುದ್ರ ಬಂದು ನಿಂತಿತು. ನೀಲಿ, ಬಿಳಿ ನೊರೆ, ಮೀನಿನ ದೋಣಿಯೊಂದು. ಇದಕ್ಕಿಂತ ಕ್ರೂರವಾದ ನೋಟವನ್ನು ಅವಳು ಆ ಮೇಜಿನ ಮೇಲೆ ಕಂಡಿರಲಿಲ್ಲ. ಯಾರೋ, ಹಿಂದಕ್ಕೆ ತಿರುಗಿಸಿ, ನೋಡೋಣ, ಅಂದರು. ತಿರುಗಿಸಿದರೆ ಕನ್ನಡಿ ಮತ್ತೆ ಅವಳ ಕಡೆ ಬರುತ್ತದೆ. ಬದುಕಿದ್ದರೆ ಮತ್ತೆ ಹತ್ತುತ್ತಾಳೆ.

"ಇದನ್ನ ಸಮುದ್ರದ ಕಡೆನೇ ಹಿಡಿದಿರಿ," ಅಂದಳು ಕಾಸಿಮಿರೊಗೆ. "ಯಾರು ಏನೇ ಹೇಳ್ಲಿ, ಊರಿನ ಕಡೆ ತಿರುಗಿಸಬೇಡಿ."

"ನನ್ನ ಕೈ ಕಡಿದ್ರೂ ತಿರುಗಿಸಲ್ಲ. ನೀನು ಹೋಗು."

ಬಾಗಿಲು ತೆರೆದು ಅವಳು ಕಾಲ್ಕಿತ್ತಳು. ಗೋಪುರದ ಮೆಟ್ಟಿಲು ಹೇಗೆ ಇಳಿದಳೋ ತಿಳಿಯದು. ಬೀದಿಗೆ ಬಿದ್ದ ಕೂಡಲೇ ಗಾಳಿ ಮುಖಕ್ಕೆ ಮರಳು ಎರಚಿತು. ಒಳಗೆ ಸದ್ದಿಲ್ಲದೆ ಇದ್ದ ಊರು ಈಗ ಒಂದೇ ಸಮ ಊಳಿಡುತ್ತಿತ್ತು, ಕಿಟಕಿಗಳು ಬಡಿಯುತ್ತಿದ್ದವು. ಅವಳು ಓಡುತ್ತಾ ಒಂದು ಪ್ರಾರ್ಥನೆ ಹೇಳಲು ನೋಡಿದಳು, ಮೊದಲ ಸಾಲಿನಿಂದ ಮುಂದಕ್ಕೆ ಹೋಗಲಿಲ್ಲ. ತನ್ನ ಬೀದಿಯ ತಿರುವಿಗೆ ಬಂದಾಗ ಅಲ್ಲಿ ಜನ ಗುಂಪುಗೂಡಿದ್ದರು. ನಾಲ್ಕೈದು ಮಂದಿ, ಏನನ್ನೋ ಸುತ್ತುವರಿದು, ಕೆಳಗೆ ನೋಡುತ್ತಾ. ಅವರ ಕಾಲುಗಳ ನಡುವೆ ಹಳದಿ ಬಣ್ಣ.

ರೆಗ್ಲಾ ನಿಂತುಬಿಟ್ಟಳು. ಮುಂದೆ ಒಂದು ಹೆಜ್ಜೆ ಇಡುವುದು ಅವಳಿಂದ ಆಗಲಿಲ್ಲ. ಅಲ್ಲಿಗೆ ಹೋಗದಿದ್ದರೆ, ನೋಡದಿದ್ದರೆ, ಇನ್ನೂ ಏನೂ ಆಗಿಲ್ಲ ಎಂಬ ಹುಚ್ಚು ಆಸೆ ಅವಳನ್ನು ಹಿಡಿದು ನಿಲ್ಲಿಸಿತು. ಅಷ್ಟರಲ್ಲಿ ಗುಂಪಿನ ಒಬ್ಬಳು ಬಗ್ಗಿ ಹಳದಿಯನ್ನು ಎತ್ತಿ ಕೊಡವಿದಳು. ಬರೀ ಬಟ್ಟೆ. ಯಾರೋ ಸ್ಕೂಟರ್ ಸವಾರನ ಮುಖಕ್ಕೆ ಸುತ್ತಿಕೊಂಡು ಅವನನ್ನು ಬೀಳಿಸಿತ್ತಂತೆ. ಅವನು ಮೊಣಕೈ ಉಜ್ಜಿಕೊಳ್ಳುತ್ತಾ, ಫುಟ್‌ಬಾಲ್ ತಂಡವನ್ನೂ ಅದರ ವಂಶವನ್ನೂ ಬೈಯುತ್ತಿದ್ದ. ರೆಗ್ಲಾ ಅವರನ್ನು ನೂಕಿಕೊಂಡೇ ವಠಾರದೊಳಕ್ಕೆ ನುಗ್ಗಿದಳು. ಬಾವುಟ ಮಾತ್ರ ಬಿದ್ದಿದೆ. ಅಥವಾ ವಠಾರದ ಇನ್ನೊಂದು ಪಕ್ಕದ ಸಂದಿಯಲ್ಲಿ... ಆ ಮಾತನ್ನು ಅವಳು ಮನಸ್ಸಿನಲ್ಲೂ ಮುಗಿಸಲಿಲ್ಲ.

ತಾರಸಿಯ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಬೆಡ್‌ಶೀಟುಗಳು ಮುಖಕ್ಕೆ ಬಡಿದವು, ಒಂದನ್ನು ಸರಿಸಿದರೆ ಇನ್ನೊಂದು. ಹೆಸರು ಹಿಡಿದು ಕೂಗಿದಳು. ಗೋಡೆಯ ಮೇಲೆ ಯಾರೂ ಇರಲಿಲ್ಲ. ಇನ್ನು ಗೋಡೆಯ ತನಕ ಹೋಗಿ, ಬಾಗಿ, ಕೆಳಗೆ ನೋಡಬೇಕು. ಅವಳು ನೆಲಕ್ಕೆ ಬಗ್ಗಿ ಅಂಬೆಗಾಲಿನಲ್ಲೇ ಕೊನೆಯ ಬೆಡ್‌ಶೀಟಿನ ಅಡಿಯಿಂದ ಆಚೆ ಹೋದಳು.

ಗೋಡೆಗೆ ಬೆನ್ನು ಆನಿಸಿ, ಒಳಗಡೆ, ನೆಲದ ಮೇಲೆ ಪಾಲ್ಮಾ ಕೂತಿದ್ದಳು. ಮೊಣಕಾಲುಗಳನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು. ಒಂದು ಮೊಣಕಾಲು ತರಚಿ ರಕ್ತ ಒಸರುತ್ತಿತ್ತು. ಮುಖ ಸುಣ್ಣದ ಗೋಡೆಗಿಂತ ಬೆಳ್ಳಗಿತ್ತು.

ರೆಗ್ಲಾ ಅವಳನ್ನು ಎಳೆದು ಎದೆಗೆ ಒತ್ತಿಕೊಂಡಳು. ತಲೆ ಮುಟ್ಟಿದಳು, ಕೈ ಮುಟ್ಟಿದಳು, ಕಾಲು ಮುಟ್ಟಿದಳು. ಹೊಡೆಯಲು ಎತ್ತಿದ ಕೈಯಿಂದಲೇ ಅವಳ ಕೂದಲು ಸರಿಮಾಡಿದಳು. ಬಾವುಟ ಹಾರ್ಹೋಯ್ತು, ಅಪ್ಪ ಬೈತಾರೆ ಅಂತ ಪಾಲ್ಮಾ ಹೇಳಿದಳು. ಅಪ್ಪ ಬೈಯಲ್ಲ ಅಂದಳು ರೆಗ್ಲಾ.

ಆಮೇಲೆ ಮಗಳು ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡೇ ಕೇಳಿದಳು.

"ಯಾಕಮ್ಮ ಅಷ್ಟು ಹೊತ್ತು ನೋಡ್ತಾನೇ ಇದ್ದೆ? ಗಾಳಿ ನಿಂತಾಗೆಲ್ಲ ಈಗ ತಿರುಗಿಸ್ತಾಳೆ, ಈಗ ತಿರುಗಿಸ್ತಾಳೆ ಅಂತ ಕಾದೆ. ನೀನು ತಿರುಗಿಸ್ಲೇ ಇಲ್ಲ."

"ನಾನು ನೋಡ್ತಾ ಇರೋ ತನಕ ನೀನು ಬೀಳಲ್ಲ ಅನ್ನಿಸ್ತು ಕಣೆ," ಅಂದಳು ರೆಗ್ಲಾ.

ಪಾಲ್ಮಾ ಅದನ್ನು ಯೋಚಿಸಿದಳು.

"ನೀನು ನೋಡ್ತಿದೀಯ ಅಂತಲೇ ನಾನು ಇಳೀಲಿಲ್ಲ," ಅಂದಳು.